ಎರಡು ಸಲ ಬಿಡುವ ಲಿಲ್ಲಿ

ನಮ್ಮತ್ತೆ ಬದುಕಿನಲ್ಲಿ ಯಾರನ್ನೂ ಬೈದವರಲ್ಲ, ಜೇನುಹುಳುಗಳನ್ನು ಬಿಟ್ಟು. ದೇವನಹಳ್ಳಿ ಕೋಟೆಯೊಳಗಿನ ನಮ್ಮ ಮನೆಯ ಹಿತ್ತಲಿನಿಂದ ಬೆಳಿಗ್ಗೆ ಆರಕ್ಕೇ "ನಿನ್ ವಂಶ ಹಾಳಾಗ, ನಮ್ಮನೇನೇ ಬೇಕಿತ್ತಾ ನಿಂಗೆ" ಎಂಬ ದನಿ ಕೇಳಿದರೆ, ಸೊಸೆಗೆ ಮಂಗಳಾರತಿ ನಡೆಯುತ್ತಿದೆ ಎಂದೇ ಹೊಸಬರು ತಿಳಿಯುತ್ತಿದ್ದರು. ಪಕ್ಕದ ಮನೆಯಾಕೆ ಒಂದು ವರ್ಷ ಪೂರ್ತಿ ನನ್ನನ್ನು ಕನಿಕರದಿಂದ ನೋಡಿದಳು. ಆ ಕನಿಕರ ನನಗೂ ಹಿತವಾಗಿತ್ತು, ನಾನು ತಿದ್ದಲು ಹೋಗಲಿಲ್ಲ.

ಸಂಗತಿ ಏನೆಂದರೆ, ಆಗ ಎಲ್ಲರ ಹಿತ್ತಲಲ್ಲೂ ಇದ್ದಂಥ ಇಟ್ಟಿಗೆ ಕೆಂಪಿನ ಲಿಲ್ಲಿ ನಮ್ಮ ಬಾವಿಕಟ್ಟೆಯ ಹತ್ತಿರವೂ ಇತ್ತು. ಯುಗಾದಿ ಕಳೆದು ಎರಡು ಮಳೆ ಬಿದ್ದರೆ, ವೈಶಾಖದಲ್ಲಿ ಹೂ ಬಿಡುತ್ತಿತ್ತು. ಎಂಟು ದಿನ. ಆಮೇಲೆ ವರ್ಷವಿಡೀ ಬರೀ ಎಲೆ. ವರ್ಷವೆಲ್ಲ ನೀರು ಕುಡಿದು ಎಂಟು ದಿನ ಮುಖ ತೋರಿಸುವುದು ಯಾವ ನ್ಯಾಯ ಎಂಬುದು ಅತ್ತೆಯ ತಕರಾರು. ಬಣ್ಣವೂ ಅವರಿಗೆ ಒಗ್ಗದು. ಅವರಿಗೆ ಬೇಕಾದದ್ದು ಎಳೆಮಗುವಿನ ಅಂಗಾಲಿನ ಬಣ್ಣ, ಅದೂ ವರ್ಷಕ್ಕೆ ಎರಡು ಸಲ ಬಿಡುವಂಥದ್ದು. ಬೆಂಗಳೂರಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಒಂದು ಬಿಳಿ ಲಿಲ್ಲಿಯ ಗೆಡ್ಡೆ ತಂದರು. ಅಲ್ಲಿದ್ದ ಮುದುಕ ಮಾಲಿಯೊಬ್ಬ ಒಂದರ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸಿ ಹೊಸ ಹೂ ಮಾಡುವ ವಿದ್ಯೆಯನ್ನೂ ಹೇಳಿಕೊಟ್ಟುಬಿಟ್ಟ. ಆ ಪುಣ್ಯಾತ್ಮ ಅಂದು ರಜೆ ಹಾಕಿದ್ದರೆ ನನ್ನ ಸೊಂಟ ಇವತ್ತಿಗೂ ನೆಟ್ಟಗಿರುತ್ತಿತ್ತು!

ವಿದ್ಯೆ ಸುಲಭ. ಮೊಗ್ಗು ಅರಳುವ ಮುಂಚೆಯೇ ಅದರ ಕೇಸರಗಳನ್ನು ಕಿತ್ತುಹಾಕಬೇಕು. ಕಡ್ಡಿಗೆ ಹತ್ತಿ ಸುತ್ತಿ, ಇನ್ನೊಂದು ಹೂವಿನ ಹಳದಿ ಹುಡಿಯನ್ನು ತಂದು ನಡುವಿನ ಉದ್ದ ಎಳೆಯ ತುದಿಗೆ ಸವರಬೇಕು. ಜೇನುಹುಳು ಬಂದು ಬೇರೆ ಹುಡಿ ತಗುಲಿಸದ ಹಾಗೆ ಆ ತುದಿಗೆ ಟೊಪ್ಪಿ ಹಾಕಬೇಕು. ಟೊಪ್ಪಿಗೆ ಸಿಗರೇಟ್ ಪ್ಯಾಕಿನೊಳಗಿನ ಬೆಳ್ಳಿ ಕಾಗದವೇ ಸರಿ ಎಂದು ಮಾಲಿ ಹೇಳಿದ್ದನಂತೆ. ನಮ್ಮದು ಸಿಗರೇಟಿನ ಹೆಸರೆತ್ತದ ಮನೆ. ನನ್ನ ಯಜಮಾನರು ಸೇದುತ್ತಿದ್ದುದು ಕೋಟೆಗೋಡೆಯ ಆಚೆ, ಅದೂ ನನಗೊಬ್ಬಳಿಗೇ ಗೊತ್ತಿದೆ ಎಂಬ ಧೈರ್ಯದಲ್ಲಿ. ಒಂದು ದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ ಅತ್ತೆ ಸಾರು ಬಡಿಸುತ್ತಾ, "ಲೋ, ನಿನ್ನ ಪ್ಯಾಕಿನ ಬೆಳ್ಳಿ ಕಾಗದ ಬಿಸಾಕ್ಬೇಡ ಕಣೋ, ತಂದ್ಕೊಡು" ಅಂದರು. ಯಜಮಾನರ ಕೈಯ ತುತ್ತು ಕೈಯಲ್ಲೇ ಉಳಿಯಿತು. ನಾಚಿಕೆಯಿಂದ ಅವರು ಅವತ್ತೇ ಸಿಗರೇಟ್ ಬಿಡುವುದಾಗಿ ತಾಯಿಯ ಮುಂದೆ ಆಣೆ ಮಾಡಹೊರಟರೆ, ಅತ್ತೆ ಗಾಬರಿಯಾಗಿ, ಇನ್ನೂ ಹದಿನಾಲ್ಕು ಹೂ ಬಾಕಿ ಇವೆ, ಜ್ಯೇಷ್ಠ ಮಾಸದಲ್ಲಿ ಬಿಟ್ಟರೆ ಸಾಕು ಎಂದರು.

ನಾನು ಎಸ್ಸೆಸ್ಸೆಲ್ಸಿ ಪಾಸಾದವಳು. ಆ ತಪ್ಪಿಗೆ ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಯಾವ ಹೂವಿಗೆ ಯಾವುದರ ಹುಡಿ, ಯಾವ ದಿನ, ಗುರುತಿಗೆ ಕಟ್ಟಿದ ದಾರ ಯಾವ ಬಣ್ಣ, ಎಲ್ಲ ಬರೆಯಬೇಕು. ಕಾಯಿ ಬಲಿತು ಒಡೆದರೆ ಒಳಗೆ ಸುಟ್ಟ ಹಪ್ಪಳದ ಚೂರಿನಂಥ ಕಪ್ಪು ಬೀಜ. ಅದನ್ನು ಬಿತ್ತಿದರೆ ಹುಲ್ಲಿನಂಥ ಸಸಿ. ಡಾಲ್ಡಾ ಡಬ್ಬ, ಸೀಮೆಎಣ್ಣೆ ಡಬ್ಬ, ಒಡೆದ ಮಡಕೆ, ಎಲ್ಲ ಸೇರಿ ನೂರಿಪ್ಪತ್ತು ಆದವು. ಅಷ್ಟಕ್ಕೂ ಬಾವಿಯಿಂದ ನೀರು ಸೇದಿ ಹಾಕುವವಳು ಯಾರು? ಅತ್ತೆ ಆಗಲೇ ಅರವತ್ತರ ಹತ್ತಿರ. ನಾದಿನಿಗೆ ಕೈ ಒರಟಾದರೆ ಗಂಡು ಒಪ್ಪುವುದಿಲ್ಲವಂತೆ. ಉಳಿದವಳು ಯಾರೆಂದು ಬಿಡಿಸಿ ಹೇಳಬೇಕೇ?

ಹೀಗೆ ಮೂರು ವರ್ಷ ಸೇದಿದೆ. ನಾಲ್ಕನೆಯ ವರ್ಷ ಮೊದಲ ಮೊಗ್ಗು ಬಂತು. ಅತ್ತೆ ಮೂರು ದಿನ ಅದರ ಎದುರೇ ಮಣೆ ಹಾಕಿಕೊಂಡು ಕೂತರು. ಅರಳಿತು. ಇಟ್ಟಿಗೆ ಕೆಂಪು. ಎರಡನೆಯದೂ ಇಟ್ಟಿಗೆ ಕೆಂಪು. ಆ ವರ್ಷ ಅರಳಿದ್ದೆಲ್ಲವೂ ಇಟ್ಟಿಗೆ ಕೆಂಪೇ. ನಾನು ಬಾವಿಕಟ್ಟೆಯ ಮೇಲೆ ಕುಕ್ಕರಿಸಿ, ಇನ್ನಾದರೂ ಈ ಹಗ್ಗಕ್ಕೆ ಬಿಡುವು ಸಿಕ್ಕೀತು ಎಂದುಕೊಂಡೆ. ಅತ್ತೆ ನಿಧಾನವಾಗಿ ಎದ್ದು, ಬೆಳ್ಳಿ ಕಾಗದ ಎಲ್ಲಿಟ್ಟಿದ್ದೀಯೆ ಎಂದು ಕೇಳಿದರು. ಈ ಗಿಡಗಳನ್ನೇ ಒಂದಕ್ಕೊಂದು ಸೇರಿಸಿದರೆ ಒಳಗೆ ಅಡಗಿದ ಬಣ್ಣ ಮರಿಗಳಲ್ಲಿ ಹೊರಗೆ ಬರುತ್ತದಂತೆ. ಮತ್ತೆ ಮೂರು ವರ್ಷ!

ಈ ನಡುವೆ ನಾದಿನಿಯನ್ನು ನೋಡಲು ಬೂದಿಗೆರೆಯಿಂದ ಗಂಡಿನ ಕಡೆಯವರು ಬಂದರು. ಉಪ್ಪಿಟ್ಟು ಬಡಿಸುವ ಹೊತ್ತಿಗೆ ಅತ್ತೆಯೇ ಇಲ್ಲ. ಕೈತೊಳೆಯಲು ಹಿತ್ತಲಿಗೆ ಹೋದ ಗಂಡಿನ ತಾಯಿಯೂ ವಾಪಸ್ಸು ಬರಲಿಲ್ಲ. ಹೋಗಿ ನೋಡುತ್ತೇನೆ, ಅತ್ತೆ ಉಸಿರು ಬಿಗಿಹಿಡಿದು ಒಂದು ಹೂವಿಗೆ ಹುಡಿ ಸವರುತ್ತಿದ್ದಾರೆ, ಬೀಗಿತ್ತಿಯಾಗಬೇಕಾದ ಆ ಹೆಂಗಸು ಗಾಳಿ ಬೀಸದಂತೆ ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ನಿಂತಿದ್ದಾರೆ. ಸಂಬಂಧ ಕೆಟ್ಟಿತು ಎಂದುಕೊಂಡೆ. ಆದರೆ ಒಂದು ಹೂವನ್ನೇ ಹೀಗೆ ನೋಡಿಕೊಳ್ಳುವವರು ಮಗಳನ್ನು ಹೇಗೆ ಬೆಳೆಸಿರಬೇಡ ಎಂದು ಆಕೆ ಅಲ್ಲೇ ಒಪ್ಪಿಬಿಟ್ಟರು. ಮುಹೂರ್ತದ ಮಾತು ಬಂದಾಗ ಪುರೋಹಿತರು ವೈಶಾಖ ಪ್ರಶಸ್ತ ಎಂದರು. ವೈಶಾಖದಲ್ಲಿ ತನಗೆ ಪುರುಸೊತ್ತಿಲ್ಲ ಎಂದರು ಹೆಣ್ಣಿನ ತಾಯಿ. ಮದುವೆ ಮಾಘದಲ್ಲಾಯಿತು. ವೈಶಾಖದಲ್ಲಿ ಅವರು ಅಕ್ಕನ ಮಗನ ಮದುವೆಗೂ ಹೋದವರಲ್ಲ, ತವರಿನ ಗೃಹಪ್ರವೇಶಕ್ಕೂ ಹೋದವರಲ್ಲ.

ಏಳನೆಯ ವರ್ಷ ಒಂದು ಗಿಡ ಅಂಗಾಲಿನ ಬಣ್ಣದ ಹೂ ಬಿಟ್ಟಿತು. ನಿಜವಾಗಿ ಅದೇ ಬಣ್ಣ. ಅದೇ ವರ್ಷ ನವರಾತ್ರಿಯಲ್ಲಿ ಇನ್ನೊಂದು ಗಿಡ, ಅದೇ ಹಳೇ ಇಟ್ಟಿಗೆ ಕೆಂಪಿನದು, ವೈಶಾಖದಲ್ಲಿ ಒಮ್ಮೆ ಬಿಟ್ಟದ್ದು ಸಾಲದೆಂದು ಮತ್ತೆ ಹೂ ಬಿಟ್ಟಿತು. ಅತ್ತೆ ಬೀದಿಯವರಿಗೆಲ್ಲ ಸಜ್ಜಿಗೆ ಹಂಚಿದರು. ಇನ್ನು ಉಳಿದದ್ದು ಒಂದೇ ಕೆಲಸ. ಬರುವ ವೈಶಾಖದಲ್ಲಿ ಆ ಬಣ್ಣದ ಗಿಡ, ಈ ಎರಡು ಸಲದ ಗಿಡ, ಇವೆರಡನ್ನೂ ಸೇರಿಸುವುದು. ಆ ಆರು ತಿಂಗಳು ಅವರು ಬೇರೆ ಮಾತೇ ಆಡಲಿಲ್ಲ.

ವೈಶಾಖ ಬಂತು, ನನಗೆ ಟೈಫಾಯಿಡ್ ಬಂತು. ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ಜ್ವರ ಇಳಿದು ಕಣ್ಣು ಬಿಟ್ಟಾಗ ಮಂಚದ ಪಕ್ಕದಲ್ಲಿ ಅತ್ತೆ ಕೂತಿದ್ದರು. ಹನ್ನೊಂದು ದಿನದಿಂದ ಅಲ್ಲೇ ಇದ್ದಾರೆ ಎಂದು ದಾದಿ ಹೇಳಿದಳು. ಅವತ್ತು ಯಜಮಾನರು ಬಸ್ಸಿನಲ್ಲಿ ಗಂಜಿ ತಂದವರು, ಎರಡೂ ಗಿಡ ಅರಳಿವೆ ಎಂದರು. ಬಣ್ಣ ಹೇಗಿದೆ ಎಂದು ಅತ್ತೆ ಕೇಳಿದರು. ಹೂವಿನ ಬಣ್ಣದ ಹಾಗಿದೆ ಎಂದರು ಯಜಮಾನರು. ಅತ್ತೆ ಅವರ ಮುಖವನ್ನೊಮ್ಮೆ ನೋಡಿ ಗಂಜಿಯ ಡಬ್ಬದ ಮುಚ್ಚಳ ತೆಗೆದರು.

ಯಜಮಾನರು ಹೊರಟ ಮೇಲೆ ನಾನು ಹೇಳಿದೆ, "ಅತ್ತೆ, ನಾಳೆ ಬೆಳಿಗ್ಗೆ ಬಸ್ಸಿಗೆ ಹೋಗ್ಬಿಟ್ಟು ಬನ್ನಿ. ಏಳು ವರ್ಷ ಕಾದಿದ್ದೀರ. ನಾನು ಹುಷಾರಾಗಿದ್ದೀನಿ."

ಅವರು ನನ್ನ ಹಣೆ ಮುಟ್ಟಿ ನೋಡಿದರು.

"ಅದು ಎರಡೆರಡು ಸಲ ಬಿಡೋ ಗಿಡ ಕಣೇ," ಅಂದರು. "ನೀನು ಹಂಗಲ್ಲವಲ್ಲ."

ಎರಡು ಸಲ ಬಿಡುವುದು ಕೆಂಪಿನದು ಮಾತ್ರ, ಅಂಗಾಲಿನ ಬಣ್ಣದ್ದಕ್ಕೆ ಇನ್ನೊಂದು ವರ್ಷ ಕಾಯಬೇಕು ಎಂಬುದು ಲೆಕ್ಕ ಬರೆದ ನನಗೆ ಗೊತ್ತಿತ್ತು; ಗೋಡೆಯ ಕಡೆ ತಿರುಗಿ ಮಲಗಿದೆ. ಅವರು ನನ್ನ ಜಡೆ ಬಿಚ್ಚಿ ಸಿಕ್ಕು ಬಿಡಿಸತೊಡಗಿದರು. ಜ್ವರಕ್ಕೆ ನನ್ನ ಕೂದಲು ಹಿಡಿಹಿಡಿಯಾಗಿ ಬರುತ್ತಿತ್ತು. ಪ್ರತಿ ಸಲವೂ ಅವರ ಕೈ ಒಂದು ಕ್ಷಣ ನಿಲ್ಲುತ್ತಿತ್ತು, ಬಂದ ಕೂದಲನ್ನು ನನಗೆ ಕಾಣದ ಹಾಗೆ ಸೆರಗಿನೊಳಗೆ ಮುಚ್ಚಿಡುತ್ತಿತ್ತು, ಮತ್ತೆ ಮೆತ್ತಗೆ ಬಾಚುತ್ತಿತ್ತು.