ಚೀಲದೊಳಗಿನ ಸೊಂಟ

ಪ್ಲಾಸ್ಟಿಕ್ಕಿನ ಸೊಂಟದ ಮೂಳೆಯನ್ನು ಚೀಲದಲ್ಲಿಟ್ಟುಕೊಂಡು ಊರೂರು ಸುತ್ತುವ ನರ್ಸಿಗೆ ಇಂಥವು ಆಗದೆ ಇನ್ನೇನಾಗುತ್ತದೆ? ಬಸುರಿಯರಿಗೆ ಹೆರಿಗೆಯ ಪಾಠ ಹೇಳುವುದು ನನ್ನ ಕೆಲಸ. ನನಗೆ ಮಾತ್ರ ಮಕ್ಕಳಾಗಲಿಲ್ಲ. ಆಸೆ ಹೋಯಿತೆಂದರೆ ಸುಳ್ಳಾಗುತ್ತದೆ. ಸೀಮಂತಗಳಿಗೆ ಕರೆದರೆ ಹೋಗುತ್ತೇನೆ, ಬಸುರಿಯ ಮಡಿಲು ತುಂಬುವ ಹೊತ್ತಿಗೆ ಏನೋ ನೆಪ ಹೇಳಿ ಎದ್ದು ಬರುತ್ತೇನೆ.

೧. ಸೀಟು

ಬೇಲೂರಿನಲ್ಲಿ ಹಳೇಬೀಡಿನ ಬಸ್ಸು ಹತ್ತಿದೆ. ಕಾಲಿಡಲು ಜಾಗವಿಲ್ಲ. ಚೀಲದಿಂದ ಇಣುಕುತ್ತಿದ್ದ ಮೂಳೆ ನೋಡಿ, ಕೂತಿದ್ದ ಹಿರಿಯರೊಬ್ಬರು ಯಾವ ಪ್ರಾಣಿಯದೆಂದು ಕೇಳಿದರು.

"ಹೆಂಗಸಿನದು. ನೀವೂ ಇಂಥದ್ರೊಳಗಿಂದಲೇ ಬಂದಿರೋದು ಯಜಮಾನ್ರೇ" ಎಂದೆ.

ತಟ್ಟನೆ ಎದ್ದು ಸೀಟು ಬಿಟ್ಟರು. ನಾನು ಕೂರಲು ಹೋದರೆ ತಡೆದು ಚೀಲವನ್ನು ಕೂರಿಸಿದರು. ಹಳೇಬೀಡಿನ ತನಕ ನಾವಿಬ್ಬರೂ ನಿಂತೇ ಹೋದೆವು.

೨. ತಿರುವು

ಸೊಂಟದ ದಾರಿ ಮೇಲೆ ಅಡ್ಡಕ್ಕೆ ಅಗಲ, ಕೆಳಗೆ ಹಿಂದುಮುಂದಕ್ಕೆ ಅಗಲ. ಅದಕ್ಕೇ ಮಗುವಿನ ತಲೆ ಪಕ್ಕಕ್ಕೆ ಮುಖ ಮಾಡಿ ಇಳಿದು, ಆಮೇಲೆ ತಿರುಗಿ ಹೊರಬರುತ್ತದೆ. ಬಿಕ್ಕೋಡಿನಲ್ಲಿ ಇದನ್ನು ಗೊಂಬೆಯಿಟ್ಟು ತೋರಿಸುತ್ತಿದ್ದಾಗ, ಹೆಂಡತಿಯ ಜೊತೆ ಬಂದಿದ್ದ ಜೀಪ್ ಡ್ರೈವರ್ ಗೊಂಬೆ ಇಸಿದುಕೊಂಡು ಒಂದೇ ಸಲಕ್ಕೆ ಇಳಿಸಿಬಿಟ್ಟ. ಎಸ್ಟೇಟ್ ರಸ್ತೆಗಿಂತ ಇದು ಸಲೀಸಂತೆ.

ಹೆರಿಗೆಯ ದಿನ ಬಾಗಿಲಾಚೆ ನಿಂತು, ಸ್ಟೀರಿಂಗ್ ತಿರುಗಿಸುವವನಂತೆ ಕೈಯಾಡಿಸುತ್ತ, "ಕಟ್ ಹೊಡಿ ಕಂದಾ, ಕಟ್ ಹೊಡಿ" ಎನ್ನುತ್ತಲೇ ಇದ್ದ. ಮಗು ಆಮೇಲೆ ಬರಲಿ, ಮೊದಲು ಆ ಮನುಷ್ಯನನ್ನು ಗೇಟಿನಾಚೆ ಕಳಿಸಿ ಎಂದಳು ಹೆಂಡತಿ.

೩. ಮಡಿಲು

ಹಳೇಬೀಡಿನ ಕೆರೆಯಾಚೆ ಒಂದು ಮನೆ. ಮೊಮ್ಮಗನ ಹೆಂಡತಿಗೆ ಸೊಂಟ ಸಣ್ಣ, ಮಗು ಹೇಗೆ ಬಂದೀತು ಎಂದು ಅಜ್ಜಿ ಊಟ ಬಿಟ್ಟಿದ್ದರು. ಮೂಳೆಯನ್ನು ನನ್ನ ಮಡಿಲಲ್ಲಿಟ್ಟುಕೊಂಡು, ಹೊರಗಿನ ಸೊಂಟ ನೋಡಿ ಒಳದಾರಿ ಅಳೆಯಲಾಗದು, ದಿನ ತುಂಬುತ್ತ ಕೀಲುಗಳೂ ಸಡಿಲವಾಗುತ್ತವೆ ಎಂದು ವಿವರಿಸಿದೆ. ಮಗುವಿನ ತಲೆ ತಿರುಗಿಕೊಂಡು ಹೊರಬರುವುದನ್ನೂ ಹೇಳಿದೆ.

ಅಜ್ಜಿಗೆ ಸಮಾಧಾನವಾಯಿತು. ಒಳಗೆ ಹೋಗಿ ಮೊರದಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ ತಂದು, ಮೂಳೆಗೆ ಕುಂಕುಮವಿಟ್ಟರು. ಅದು ಪ್ಲಾಸ್ಟಿಕ್ಕು ಎಂದೆ.

"ಯಾವ್ದಾದ್ರೇನವ್ವ, ಹೆಣ್ಣಿಂದು ತಾನೆ. ಬರಿ ಮಡ್ಲಲ್ಲಿ ಕಳಿಸ್ಬಾರ್ದು."

ಸುರಿದ ಅಕ್ಕಿಯೆಲ್ಲ ಮೂಳೆಯ ದಾರಿಯಿಂದ ಇಳಿದು ನನ್ನ ಸೆರಗಿಗೆ ಬಿತ್ತು. ಬೆಲ್ಲವೂ ಬಿತ್ತು. ಕಾಯಿ ಮಾತ್ರ ನಡುವೆ ಸಿಕ್ಕಿಕೊಂಡಿತು. ನಾನು ಹೇಳಿಕೊಟ್ಟಂತೆಯೇ ಅಜ್ಜಿ ಅದನ್ನು ಮೆಲ್ಲಗೆ ತಿರುಗಿಸಿದರು. ಜಾರಿ ನನ್ನ ಮಡಿಲು ಸೇರಿತು.

ಎರಡು ಕೈಯಲ್ಲೂ ಹಿಡಿದುಕೊಂಡೆ. ಅಜ್ಜಿ ಬಗ್ಗಿ ಕಾಯಿಯ ಜುಟ್ಟು ಸವರಿ, ನನ್ನ ಕೆದರಿದ ತಲೆಯನ್ನೊಮ್ಮೆ ನೋಡಿದರು.

"ಕೂದ್ಲು ನೋಡವ್ವ," ಎಂದರು, "ಥೇಟ್ ನಿನ್ನಂಗೇ ಐತೆ."