ಮಾವನ ಕಣ್ಣಿಗೊಂದು ಪಟ್ಟಿ

ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ ನನ್ನ ಸೋದರಮಾವ ಕಾರು ನಡೆಸುತ್ತಲೇ ಗೊರಕೆ ಹೊಡೆದ. ಹೊತ್ತು ಇಷ್ಟು ಕರಾರುವಾಕ್ಕಾಗಿ ನೆನಪಿರಲು ಕಾರಣವಿದೆ. ರಾಯಚೂರು ಇನ್ನೆಷ್ಟು ದೂರವೆಂದು ನಾನು ಕಾರಿನ ಗಡಿಯಾರವನ್ನೇ ನೋಡುತ್ತಿದ್ದೆ. ಬಲಕ್ಕೆ ದಂಡೆ ಮುಟ್ಟಿ ಹರಿಯುವ ಕಾಲುವೆ, ಎಡಕ್ಕೆ ಆಗಷ್ಟೇ ನಾಟಿ ಮಾಡಿದ ಭತ್ತದ ಗದ್ದೆ. ಕಾರು ಒಂದು ಕ್ಷಣ ಯೋಚಿಸಿ, ದೇವರ ದಯೆಯಿಂದ ಎಡವನ್ನೇ ಆರಿಸಿಕೊಂಡಿತು! ಕೆಸರಿನಲ್ಲಿ ಎಮ್ಮೆಯಂತೆ ಕೂತಿತು. ನನ್ನ ಕಿರುಚಾಟಕ್ಕೆ ಮಾವ ಕಣ್ಣು ಬಿಟ್ಟು ಕೇಳಿದ:

"ಬಂತೇನ್ ಬೇ ರಾಯಚೂರು?"

ನಿದ್ದೆಗಾಗಿ ಇಷ್ಟು ದುಡಿದು, ಇಷ್ಟು ಕಡಿಮೆ ನಿದ್ದೆ ಮಾಡಿದ ಮನುಷ್ಯ ಈ ಸೀಮೆಯಲ್ಲಿ ಇನ್ನೊಬ್ಬನಿಲ್ಲ. ಮಾವನದು ಮಾನ್ವಿಯಲ್ಲಿ ಅಕ್ಕಿ ಗಿರಣಿ. ಗಿರಣಿಯ ಅಂಗಳದಲ್ಲೇ ಮನೆ. ಅಂಗಳದ ಕಂಬಕ್ಕೆ, ಮಲಗುವ ಕೋಣೆಯ ಕಿಟಕಿಗೆ ಎದುರಾಗಿ, ಒಂದು ಹ್ಯಾಲೋಜನ್ ದೀಪ ತೂಗುಹಾಕಿದ್ದಾನೆ. ಅದರ ಬೆಳಕಿನಲ್ಲಿ ನಡುರಾತ್ರಿ ಅಕ್ಕಿಯಲ್ಲಿ ಕಲ್ಲು ಆರಿಸಬಹುದು. ಮಲಗಿದವರ ಗತಿ ಏನು? ದೀಪ ಆರಿಸಿ ಮಲಗಿರೆಂದರೆ ಮಾವ ಕೇಳಬೇಕಲ್ಲ!

"ಭತ್ತದ ಚೀಲ ಕಳ್ಳರು ಹೊತ್ಕೊಂಡು ಹೋದ್ರ ನೀ ಕೊಡ್ತೀ ಏನು?"

ಇನ್ನೊಂದು ಹುಚ್ಚನ್ನೂ ಹೇಳಿಬಿಡುತ್ತೇನೆ. ಅತ್ತೆ ಒಮ್ಮೆ ಹಿತ್ತಲ ಮೆಟ್ಟಿಲಲ್ಲಿ ಎಡವಿ ಬಿದ್ದು, "ಮೆಟ್ಟಲಾ ಸೊಟ್ಟ ಅದ" ಎಂದಿದ್ದಳು. ನನ್ನ ಕಣ್ಣಿಗೆ ಗೆರೆ ಕೊರೆದಷ್ಟು ನೇರವಾಗಿದ್ದ ಆ ಮೆಟ್ಟಿಲನ್ನು ಮಾವ ಮರುದಿನವೇ ಒಡೆಸಿ, ಹೊಸದಾಗಿ ಕಟ್ಟಿಸಿದ. ಅದೂ ಹಿಂದಿನಷ್ಟೇ ನೇರವಾಯಿತು!

ಕಾರನ್ನು ಟ್ರ್ಯಾಕ್ಟರು ಎಳೆದು ಮೇಲೆ ತಂದಿತು. ಮಾವ ನನ್ನಿಂದ ವಿಭೂತಿ ಮುಟ್ಟಿಸಿ ಆಣೆ ಹಾಕಿಸಿಕೊಂಡ: "ಅತ್ತಿಗೆ ಹೇಳಬ್ಯಾಡ." ಹೇಳಲಿಲ್ಲ. ಆದರೆ ಅಂದಿನಿಂದ ನನ್ನ ಬಲಗಾಲು ನನ್ನ ಮಾತು ಕೇಳುವುದನ್ನು ಬಿಟ್ಟಿತು. ಕೂತಲ್ಲಿ, ನಿಂತಲ್ಲಿ, ಮಲಗಿದಲ್ಲಿ ಇಲ್ಲದ ಬ್ರೇಕನ್ನು ತುಳಿಯುತ್ತದೆ. ದೇವದುರ್ಗದ ಕಾಲೇಜಿನಲ್ಲಿ ನಾನು ಪಾಠ ಹೇಳುತ್ತ ಧಡ್ಡೆಂದು ವೇದಿಕೆ ತುಳಿದರೆ, ಮಕ್ಕಳು ಮುಂದಿನ ಪಾಠ ಬಂತೆಂದು ಪುಟ ತಿರುವುತ್ತಾರೆ. ಅವರಿಗೇನು ಗೊತ್ತು, ನನ್ನ ಕಣ್ಣ ಮುಂದೆ ಕಾರು ಈ ಸಲ ಬಲಕ್ಕೆ ಹೊರಳುತ್ತಿದೆ ಎಂದು?

ಈ ಮನುಷ್ಯ ರಾತ್ರಿ ನಿದ್ದೆ ಮಾಡದಿದ್ದರೆ ಇನ್ನೊಂದು ಹಗಲು ಕಾಲುವೆಗೆ ಬೀಳುವುದು ಖಂಡಿತ. ದೀಪ ಆರಿಸಲೊಲ್ಲದವನಿಗೆ ಕಣ್ಣನ್ನೇ ಮುಚ್ಚಿದರಾಯಿತು! ನಾನೇ ಸ್ಟೇರಿಂಗ್ ಹಿಡಿದು ರಾಯಚೂರಿನ ಪೇಟೆಗೆ ಕರೆದೊಯ್ದೆ. ಅಂಗಡಿಯವನು ನಿದ್ದೆಯ ಕಣ್ಪಟ್ಟಿಗಳನ್ನು ಹರವಿದ. ಮಾವ ಹಿಂದೆ ಸರಿದ.

"ಇದು ಗಾಣದ ಎತ್ತಿಗೆ ಕಟ್ಟೂದು. ನನಗ್ಯಾಕ?"

"ಎತ್ತು ಗಾಣ ಬಿಟ್ಟು ಗದ್ದಿಗೆ ಇಳದದೇನು ಮಾವಾ?" ಎಂದೆ. ಸುಮ್ಮನೆ ಕಟ್ಟಿಕೊಂಡ.

ಆಮೇಲೆ ನೋಡಿ, ಅಕ್ಕಿ ಕೊಳ್ಳುವವನ ಗತ್ತು ಬಂತು. ಕಟ್ಟಿಕೊಂಡು ಬಿಸಿಲಿಗೆ ಬಂದು ಆಕಾಶ ನೋಡಿದ. "ಟಾರ್ಚ್ ಹೊಡಿ" ಎಂದ. ಹೊಡೆದೆ.

"ಮೂಗಿನ ಬಾಜೂಕ ಬೆಳಕು ಬರಾಕತ್ತದ."

"ಸಾಹೇಬ್ರ, ಪಟ್ಟಿ ಬರೋಬ್ಬರಿ ಅದ. ಮೂಗು ಜರಾ ಜಾಸ್ತಿ ಅದ" ಎಂದ ಅಂಗಡಿಯವನು.

ಮೂಗು ನಮ್ಮ ವಂಶದ ಆಸ್ತಿ. ನಾನೂ ಪಾಲುದಾರಳಾದ್ದರಿಂದ ಇಬ್ಬರಿಗೂ ಒಟ್ಟಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಮೂರು ಬಗೆಯವನ್ನು ಕೊಂಡೆವು.

ಮೊದಲನೆಯದು ನುಣುಪು ಬಟ್ಟೆಯದು. ನಮ್ಮ ಬೇಸಿಗೆ ಗೊತ್ತಲ್ಲ! ಬೆವರಿಗೆ ಜಾರಿ ಬೆಳಗಿನ ಹೊತ್ತಿಗೆ ಕೊರಳಪಟ್ಟಿಯಾಗಿತ್ತು. ಎರಡನೆಯದರ ಇಲಾಸ್ಟಿಕ್ಕು ಎಷ್ಟು ಬಿಗಿಯೆಂದರೆ, ಹಣೆಯ ಮೂರು ಗೆರೆ ವಿಭೂತಿ ಪಟ್ಟಿಗೆ ಅಚ್ಚೊತ್ತಿಕೊಂಡು, ಪಟ್ಟಿಯೇ ಮಾವನಿಗಿಂತ ದೊಡ್ಡ ಭಕ್ತನಂತೆ ಕಾಣುತ್ತಿತ್ತು. ಮೂರನೆಯದರ ಮೇಲೆ ಎರಡು ದೊಡ್ಡ ತೆರೆದ ಕಣ್ಣುಗಳ ಚಿತ್ರ. ಇದನ್ನು ಕಟ್ಟಿಕೊಂಡು ಮಾವ ಒಂದು ಮಧ್ಯಾಹ್ನ ಗಿರಣಿಯ ಗಾದಿಯ ಮೇಲೆ ಗೋಡೆಗೊರಗಿ ಕೂತ. ಕತ್ತಲ ಮೂಲೆ. ಗಡಿಯಾಚೆಯಿಂದ ಅಕ್ಕಿ ಕೊಳ್ಳಲು ಒಬ್ಬ ತೆಲುಗು ವ್ಯಾಪಾರಿ ಬಂದು ಬಾಗಿಲಲ್ಲೇ ನಿಂತು ದರ ಹೇಳಿದ. ಮಾವ ರೆಪ್ಪೆ ಅಲುಗಿಸಲಿಲ್ಲ. ವ್ಯಾಪಾರಿ ಸ್ವಲ್ಪ ಏರಿಸಿದ. ಆ ಕಣ್ಣುಗಳಲ್ಲಿ ಕರುಣೆ ಕಾಣಲಿಲ್ಲ. ಇನ್ನಷ್ಟು ಏರಿಸಿದ.

"ಏಮಂಡಿ ಸಾವ್ಕಾರ್ರೇ, ಹಂಗ ನೋಡಬ್ಯಾಡ್ರಿ, ಎದಿ ಒಡೀತದ!"

ಉತ್ತರವಾಗಿ ಒಂದು ಗೊರಕೆ ಬಂತು. ವ್ಯಾಪಾರಿ ಅದನ್ನು ಗುಟುರೆಂದು ತಿಳಿದು ಒಪ್ಪಿಕೊಂಡೇ ಬಿಟ್ಟ!

ಹಗಲಲ್ಲಿ ಹೀಗೆ ಅಲ್ಲಲ್ಲಿ ಒಂದು ತೂಕಡಿಕೆ ದಕ್ಕುತ್ತಿತ್ತೇ ಹೊರತು ರಾತ್ರಿ ಮಾತ್ರ ಅದೇ ಕಥೆ. ಪಟ್ಟಿ ಕಟ್ಟಿಕೊಳ್ಳುತ್ತಾನೆ, ಅತ್ತೆಯ ಬಳೆ ಸದ್ದಾದರೆ ಪಟ್ಟಿ ಹಣೆಗೇರುತ್ತದೆ. ಇದಕ್ಕೆ ತೂಕವಿಲ್ಲದ್ದೇ ಕಾರಣವೆಂದು ನನ್ನ ತರ್ಕ. ತುಸು ಭಾರದ ಪಟ್ಟಿಗಳೂ ಬರುತ್ತವಂತೆ ಎಂದೆ. ಅಷ್ಟೇ!

"ತೂಕದ ಮಾತು ಗಿರಣಿಯಂವಗ ಹೇಳ್ತೀಯಾ?"

ಚೀಲದ ಬಟ್ಟೆ ಕತ್ತರಿಸಿ, ಹೊಲಿದು ಕೊಡೆಂದು ಅತ್ತೆಯ ಮುಂದೆ ಹಿಡಿದ. ಊರಿನ ಅರ್ಧ ಜನ ಹೊದೆಯುವ ಕೌದಿ ಹೊಲಿದವಳು ಅವಳು. ಆದರೆ ಕೆಲ ಕಾಲದಿಂದ ಸೂಜಿ ಮುಟ್ಟುತ್ತಿರಲಿಲ್ಲ. "ನನಗ ಪುರಸೊತ್ತಿಲ್ಲರೀ" ಎಂದು ಎದ್ದುಹೋದಳು. ಮಾವ ಒಳಗೆ ಸೋನಾಮಸೂರಿ ತುಂಬಿ, ಅಕ್ಕಿಚೀಲದ ಬಾಯಿ ಹೊಲಿಯುವ ಯಂತ್ರದಿಂದಲೇ ಪಟ್ಟಿಯ ಬಾಯಿ ಹೊಲಿದ. ಅಂಗಳದ ಬೇವಿನ ನೆರಳಲ್ಲಿ ಮಂಚ ಹಾಕಿ, ಅದನ್ನು ಕಟ್ಟಿಕೊಂಡು ಮಲಗಿದ.

ಗಿರಣಿಯವರಿಗೆಲ್ಲ ಗೊತ್ತಿರುವ ಸಂಗತಿಯೊಂದು ಮಾವನಿಗೆ ಆಗ ಹೊಳೆಯಲಿಲ್ಲ. ಆ ಹೊಲಿಗೆಯ ದಾರದ ಒಂದು ತುದಿ ಎಳೆದರೆ ಸರಸರನೆ ಇಡೀ ಬಾಯಿ ಬಿಚ್ಚಿಕೊಳ್ಳುತ್ತದೆ. ಕೊಳ್ಳುವವರಿಗೆ ಅನುಕೂಲವಾಗಲೆಂದೇ ಹಾಗೆ ಹೊಲಿಯುವುದು! ಅಂಗಳದ ಒಂದು ಕೋಳಿ ಜೋತುಬಿದ್ದ ದಾರವನ್ನು ಹುಳುವೆಂದು ಭಾವಿಸಿ ಕಚ್ಚಿ ಎಳೆಯಿತು. ಸರ್ರನೆ ಮಾವನ ಮುಖದ ಮೇಲೆ ಅಕ್ಕಿಯ ರಾಶಿ. ಕೊಕ್ಕೊಕ್ಕೋ ಎಂದು ಸಂಸಾರಸಮೇತ ಕೋಳಿಗಳು ಮಂಚ ಹತ್ತಿದವು.

"ಯಪ್ಪಾ! ಕಣ್ಣು ಕುಕ್ಕಾಕತ್ತಾವ! ಹೊಡೀರಲೇ!"

ಹಮಾಲರು ನಕ್ಕು ನಕ್ಕು ನೆಲಕ್ಕೆ ಬಿದ್ದರು. ನಾನೂ ನಕ್ಕೆ. ಆದರೆ ಮಾವ ಎದ್ದು ಕೂತಾಗ ಹುಬ್ಬಿನ ಮೇಲೆ, ಕಣ್ಣಿಗೆ ಕೂದಲೆಳೆಯಷ್ಟು ದೂರದಲ್ಲಿ, ರಕ್ತ ಜಿನುಗುತ್ತಿತ್ತು. ನನ್ನ ಕಾಲು ಬ್ರೇಕು ತುಳಿಯಿತು. ವಿಭೂತಿಯ ಆಣೆ ಮರೆತು, ಅರಿಶಿನ ಹಿಡಿದು ಓಡಿ ಬಂದ ಅತ್ತೆಯ ಮುಂದೆ ಎಲ್ಲವನ್ನೂ ಹೇಳಿಬಿಟ್ಟೆ: ಗೊರಕೆ, ಗದ್ದೆ, ಬಲಗಡೆಯ ಕಾಲುವೆ.

ಅತ್ತೆ ಮಾವನ ಹುಬ್ಬಿಗೆ ಅರಿಶಿನ ಒತ್ತುತ್ತ ಕೇಳಿದಳು:

"ದೀಪ ಯಾಕ ಹಚ್ತೀರಿ, ಖರೇ ಹೇಳ್ರಿ."

"ಕಳ್ಳರು..."

"ಯಾವ ಕಳ್ಳರು? ನಾ ರಾತ್ರಿ ಎದ್ದರ ಬೀಳಬಾರ್ದಂತ ಹಚ್ತೀರಿ. ನಾ ಹಿತ್ತಲಕ್ಕ ಹೋಗಿ ಬರೂತನಕಾ ಕಣ್ಣು ತೆರಕೊಂಡು ಮಲಗಿರ್ತೀರಿ. ನನಗ ಗೊತ್ತಿಲ್ಲ ಅನಕೊಂಡೀರಾ?"

ಮಾವ ಮಂಚದ ಮೇಲಿನ ಅಕ್ಕಿಕಾಳು ಒಂದೊಂದೇ ಆರಿಸತೊಡಗಿದ. "ನಿನ್ನ ಕಣ್ಣಿಗೆ ಏನಾರ ಅಂದ್ರ ನೀ ಸಿಟ್ಟಿಗೇಳ್ತಿ. ಅದಕ ನೀ ಅಂದಂಗ ಮೆಟ್ಟಲಾನ ಸೊಟ್ಟ ಅಂದೆ" ಎಂದ, ಸಣ್ಣ ದನಿಯಲ್ಲಿ.

ಸೂಜಿಯ ಕಣ್ಣು ಕಾಣದೆ ಕೌದಿ ಬಿಟ್ಟವಳು, ಪುರಸೊತ್ತಿಲ್ಲವೆಂದು ಹೇಳಿಕೊಂಡು ತಿರುಗಿದವಳು, ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಗಾಡಿ ತಗಿ ಬೇ. ರಾಯಚೂರಾಗ ಕಣ್ಣಿನ ದವಾಖಾನಿಗೆ ಹೋಗೂಣು. ಇವರು ಹಿಂದ ಕುಂದರಲಿ."

ಅತ್ತೆಯ ಕಣ್ಣಲ್ಲಿದ್ದದ್ದು ಪೊರೆ. ಮೊದಲು ಒಂದು ಕಣ್ಣಿನದು, ಆಮೇಲೆ ಇನ್ನೊಂದರದು ತೆಗೆದರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮನೆಗೆ ಬಂದ ಅತ್ತೆಯನ್ನು ನೋಡಿ ಮಾವ, "ಎಷ್ಟಕ್ಕ ತಗೊಂಡಿ? ಮೂಗಿನ ಬಾಜೂಕ ಬೆಳಕು ಬರ್ತದೇನು?" ಎಂದು ಕೇಳಿ ಬೈಸಿಕೊಂಡ. ಕಣ್ಣು ವಾಸಿಯಾದ ಮೇಲೆ ಅತ್ತೆ ಮಾಡಿದ ಮೊದಲ ಕೆಲಸ, ಯಾರ ಸಹಾಯವೂ ಇಲ್ಲದೆ ಸೂಜಿಗೆ ದಾರ ಪೋಣಿಸಿದ್ದು. ತನ್ನ ಹಳೆಯ ಹತ್ತಿ ಸೀರೆ ಕತ್ತರಿಸಿ, ಕೌದಿಯ ಹೊಲಿಗೆಯಲ್ಲಿ ಒಂದು ಕಣ್ಪಟ್ಟಿ ಹೊಲಿದಳು. ಮೂಗಿಗೆ ಸರಿಯಾಗಿ ಒಂದು ಮಡಿಕೆ ಬಿಟ್ಟು.

ಅದು ಮುಗಿದದ್ದು ಶಿವರಾತ್ರಿಯ ದಿನ. ಮಾವ ಮಡಿಯುಟ್ಟು, ವಿಭೂತಿ ಧರಿಸಿ, ಜಾಗರಣೆಗೆ ಕಂಬಕ್ಕೊರಗಿ ಕೂತ. ಬೀದಿ ತುಂಬ ದೀಪ, ಭಜನೆ. "ಸೈಜ್ ನೋಡೂಣು" ಎಂದು ಪಟ್ಟಿ ಕಟ್ಟಿಕೊಂಡ. ನಾನು ನೋಡಿದ್ದು ಅಷ್ಟೇ.

ನಾನು ಕಣ್ಣು ಬಿಟ್ಟಾಗ ಬೆಳಕು ಹರಿದಿತ್ತು. ಮಾನ್ವಿಯೆಲ್ಲ ಎಚ್ಚರವಿದ್ದ ರಾತ್ರಿ ಮಾವ ಕಂಬದ ಬುಡದಲ್ಲಿ ಉರುಳಿ, ಬಾಯಿ ತೆರೆದು, ಇನ್ನೂ ಗೊರೆಯುತ್ತಿದ್ದ. ಪಕ್ಕದಲ್ಲಿ ಅತ್ತೆ ನೆಟ್ಟಗೆ ಕೂತಿದ್ದಳು. ಅಂಗಳದ ಹ್ಯಾಲೋಜನ್ ಆರಿತ್ತು.

"ಅತ್ತೀ, ಎಬ್ಬಿಸಬೇಕಿಲ್ಲ? ಜಾಗರಣಿ ಕೆಡ್ತು!"

"ಶ್! ಇಷ್ಟ ದಿನಾ ನನ್ನ ಸಲುವಾಗಿ ಜಾಗರಣಿ ಮಾಡ್ಯಾರ. ಅದನ್ನ ಜಮಾ ಹಿಡ್ಕೊಳಪಾ ಅಂತ ಶಿವಗ ಹೇಳೀನಿ."

ಆಗ ನನಗೆ ಹೊಳೆಯಿತು. ಆ ರಾತ್ರಿ ನನ್ನ ಬಲಗಾಲು ಒಮ್ಮೆಯೂ ಬ್ರೇಕು ತುಳಿದು ನನ್ನನ್ನು ಎಬ್ಬಿಸಿರಲಿಲ್ಲ.