ಸದ್ದಿಲ್ಲದ ಬೈಕಿಗೊಂದು ಚಳಿಗಾಲ

ಒಂದು ವಿಷಯದಲ್ಲಿ ಪಳಗಿದವನು ಎನಿಸಿಕೊಂಡ ಮೇಲೆ ಅದರ ಬಗ್ಗೆ ಬರೆದಿಟ್ಟದ್ದನ್ನು ಓದುವುದು ಮಹಾ ಅವಮಾನ. ನಾನಂತೂ ಓದಲಿಲ್ಲ. ಕುವೈತ್ ನಗರದ ಶರ್ಕ್‌ನ ಬ್ಯಾಂಕೊಂದರಲ್ಲಿ ಕರೆಂಟು ಕೈಕೊಟ್ಟಾಗ ಕಂಪ್ಯೂಟರುಗಳು ಕಣ್ಣು ಮುಚ್ಚದಂತೆ ನೋಡಿಕೊಳ್ಳುವುದು ನನ್ನ ಉದ್ಯೋಗ. ಬ್ಯಾಟರಿ, ಜನರೇಟರುಗಳ ನಡುವೆಯೇ ನನ್ನ ತಲೆಗೂದಲು ಬೆಳ್ಳಗಾಗಿದೆ. ಕೈಕೆಳಗಿನವರನ್ನು "ಮೊದಲು ಮ್ಯಾನ್ಯುಯಲ್ ಓದ್ರಪ್ಪಾ" ಎಂದು ದಿನಕ್ಕೆರಡು ಸಲವಾದರೂ ಗದರುತ್ತೇನೆ. ಅಂಥ ನನ್ನ ಹೊಸ ಎಲೆಕ್ಟ್ರಿಕ್ ಬೈಕೇ ಬ್ಯಾಟರಿ ಸತ್ತು ಮಲಗಿತು. ಈ ಸುದ್ದಿ ಆಫೀಸಿಗೆ ತಲುಪದಿರಲಿ ಎಂದು ಇಂದಿಗೂ ಬೇಡಿಕೊಳ್ಳುತ್ತೇನೆ.

ಬೈಕು ಕೊಳ್ಳುವಾಗಲೇ ನನ್ನ ಹೆಂಡತಿ ವಸುಧಾ ಮುಖ ಗಂಟು ಹಾಕಿದ್ದಳು. "ಐವತ್ತಕ್ಕೆ ಕಾಲಿಟ್ಟಿದ್ದೀರಿ, ಮನೇಲಿ ಕಾರಿದೆ. ಇದ್ಯಾಕ್ರೀ ಈಗ?" ಅವಳ ಮಾತೂ ಸುಳ್ಳಲ್ಲ. ಕುವೈತಿನ ಬೇಸಿಗೆಯಲ್ಲಿ ಬೈಕಿನ ಸೀಟಿನ ಮೇಲೆ ದೋಸೆ ಹುಯ್ಯಬಹುದೇ ಹೊರತು ಕೂರಲಾಗದು. ಓಡಿಸಲು ಲಾಯಕ್ಕಾದದ್ದು ಚಳಿಗಾಲವೊಂದೇ. ಆ ಚಳಿಗಾಲದಲ್ಲೇ ನಾದಿನಿಯ ಮಗಳ ಮದುವೆಯೆಂದು ಒಂದು ತಿಂಗಳು ಮೈಸೂರಿಗೆ ಹೊರಟೆವು. ಬೈಕಿಗೆ ಅಬ್ಬಾಸಿಯಾದ ನಮ್ಮ ಕಟ್ಟಡದ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ವನವಾಸ.

ಅದರ ಯೋಗಕ್ಷೇಮವನ್ನು ಎದುರು ಫ್ಲಾಟಿನ ಶೇಖರಣ್ಣನಿಗೆ ಒಪ್ಪಿಸಿದೆ. ಉಡುಪಿ ಕಡೆಯವರು; ಇಲ್ಲಿನ ಹೋಟೆಲೊಂದರ ಅಡುಗೆಮನೆ ಅವರ ಸುಪರ್ದಿಯಲ್ಲಿದೆ. ಹೇಳಿದ ಕೆಲಸವನ್ನು ಹೇಳಿದ ಹಾಗೆಯೇ ಮಾಡುವ ಮನುಷ್ಯ. ನಮ್ಮ ಬ್ಯಾಂಕಿನಲ್ಲಿ ಪ್ರತಿ ಗುರುವಾರ ಜನರೇಟರನ್ನು ಹತ್ತು ನಿಮಿಷ ಓಡಿಸಿ ನಿಲ್ಲಿಸುವ ಪದ್ಧತಿಯಿದೆ. ಅದನ್ನೇ ಬೈಕಿಗೂ ಅನ್ವಯಿಸಿ, "ಪ್ರತಿ ಶುಕ್ರವಾರ ಬಟನ್ ಒತ್ತಿ ಆನ್ ಮಾಡಿ, ಹತ್ತು ನಿಮಿಷ ಬಿಟ್ಟು ಆಫ್ ಮಾಡಿ" ಎಂದು ವಾಟ್ಸಾಪಿನಲ್ಲಿ ಲಿಖಿತ ಆದೇಶವನ್ನೂ ಕಳಿಸಿದೆ. ಜನರೇಟರು ಡೀಸೆಲ್ ಕುಡಿಯುವ ಜಾತಿ, ಬೈಕು ಬೇರೆ ಜಾತಿ ಎಂಬುದು ಹೊಳೆಯಲೇ ಇಲ್ಲ.

ಮದುವೆಮನೆಯಲ್ಲಿ ವಸುಧಾ ಒಳ್ಳೆಯ ಲಹರಿಯಲ್ಲಿದ್ದ ಹೊತ್ತು ನೋಡಿ ಒಂದು ಮಾತು ಪಡೆದುಕೊಂಡಿದ್ದೆ. ಕುವೈತಿಗೆ ಮರಳಿದ ಮೇಲೆ ಒಮ್ಮೆ ನನ್ನ ಹಿಂದೆ ಕೂತು ಶರ್ಕ್‌ನ ಸಮುದ್ರತೀರದವರೆಗೆ ಬರಬೇಕು. ನಗಬೇಡಿ, ಅದು ನನಗೆ ದೊಡ್ಡ ಆಸೆಯೇ ಆಗಿತ್ತು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಾವಿಬ್ಬರೇ ಯಾವ ಕೆಲಸವೂ ಇಲ್ಲದೆ ಹೊರಗೆ ಹೋದದ್ದು ನೆನಪಿಲ್ಲ. ಮರಳಿದ ದಿನವೇ ನೆಲಮಾಳಿಗೆಗೆ ಓಡಿ ಬಟನ್ ಒತ್ತಿದೆ. ಒಂದು ದೀಪವೂ ಮಿಣುಕಲಿಲ್ಲ. ಹಿಂದೆಯೇ ಬಂದ ಮಗಳು ಮೊಬೈಲಿನಿಂದ ತಲೆಯೆತ್ತದೆ, "ಅಪ್ಪಾ, ಇಟ್ಸ್ ಡೆಡ್" ಎಂದಳು. ವಸುಧಾ ತೀರ್ಪು ಕೊಟ್ಟಳು: "ಈ ಶುಕ್ರವಾರ ಹೊರಟರೆ ಬರ್ತೀನಿ. ಇಲ್ಲಾಂದ್ರೆ ಮಾರಿಬಿಡಿ, ಖಲಾಸ್."

ಸಂಜೆ ಶೇಖರಣ್ಣನ ವಿಚಾರಣೆ ನಡೆಯಿತು.

"ನೀವು ಹೇಳಿದ ಹಾಗೇ ಮಾಡಿದ್ದೇನೆ ಮಾರಾಯ್ರೆ. ಮೂರು ಶುಕ್ರವಾರ ಗಡಿಯಾರ ನೋಡಿ ಹತ್ತು ನಿಮಿಷ. ನಾಲ್ಕನೇ ವಾರ ಮಾತ್ರ ಐದು ನಿಮಿಷಕ್ಕೇ ಸ್ಕ್ರೀನು ಕಪ್ಪಾಯ್ತು. ಸೌಂಡಂತೂ ಮೊದಲೇ ಇಲ್ಲ. ಹೊಸ ಗಾಡಿ ಅಲ್ವಾ, ಅದೇ ಆಫ್ ಆಗಿದೆ ಅಂತ ಕವರ್ ಹೊದಿಸಿ ಬಂದೆ."

ಮಲಗಿದ್ದು ಸ್ಕ್ರೀನು ಮಾತ್ರ; ಬಟನ್ ಒತ್ತಿ ಆಫ್ ಮಾಡದ ಬೈಕು ಒಳಗೊಳಗೇ ಎಚ್ಚರವಾಗಿದ್ದು ಬ್ಯಾಟರಿ ಹೀರುತ್ತಿತ್ತು. ರೇಗೋಣವೆಂದರೆ ಅವರು ಫೋನು ತೆಗೆದು ನನ್ನದೇ ಆದೇಶವನ್ನು ನನ್ನ ಮೂಗಿನ ಕೆಳಗೆ ಹಿಡಿದರು. "ಇದ್ರಲ್ಲಿ ಏನಾದ್ರೂ ತಪ್ಪಿದ್ದೇನಾ ನಾನು?" ಪಾಪ, ಅವರ ದನಿ ಸಣ್ಣಗಾಗಿತ್ತು. ನನಗೆ ನಾಚಿಕೆಯಾಯಿತು.

ಕೊನೆಗೆ, ಯಾರೂ ನೋಡದಂತೆ ಬಚ್ಚಲುಮನೆಯಲ್ಲಿ ಕೂತು ಮ್ಯಾನ್ಯುಯಲ್ ಓದಿದೆ. ಮೋಟಾರನ್ನು ಓಡಿಸುವ ದೊಡ್ಡ ಬ್ಯಾಟರಿಯಲ್ಲದೆ ಅದನ್ನು ಎಬ್ಬಿಸಲು ಸೀಟಿನಡಿ ಪುಟ್ಟದೊಂದು ಬ್ಯಾಟರಿಯಿದೆ. ಬಹಳ ದಿನ ನಿಲ್ಲಿಸುವಾಗ ಅದರ ವೈರು ಬಿಚ್ಚಿಡಿ. ಸುಮ್ಮಸುಮ್ಮನೆ ಆನ್ ಮಾಡಬೇಡಿ ಎಂದು ದಪ್ಪಕ್ಷರದಲ್ಲೇ ಅಚ್ಚಾಗಿತ್ತು. ಸತ್ತದ್ದು ಆ ಪುಟಾಣಿ ಮಾತ್ರ. ದೊಡ್ಡದು ಗುಂಡುಕಲ್ಲಿನಂತಿತ್ತು! ಪುಟಾಣಿಯನ್ನು ಕಳಚಿ ತಂದು, ಚಾರ್ಜರ್ ಹಚ್ಚಿ ಬಾಲ್ಕನಿಯಲ್ಲಿಟ್ಟು, ಗಂಟೆಗೊಮ್ಮೆ ಮುಟ್ಟಿ ನೋಡಿದೆ. "ಜ್ವರ ಇಳೀತಾ?" ಎಂದು ವಸುಧಾ ಒಳಗಿನಿಂದಲೇ ಕೇಳುತ್ತಿದ್ದಳು.

ಶುಕ್ರವಾರ ಬೆಳಿಗ್ಗೆ ಶೇಖರಣ್ಣನ ಕೈಯಲ್ಲೇ ಬಟನ್ ಒತ್ತಿಸಿದೆ. ಸ್ಕ್ರೀನು ಬೆಳಗಿತು. "ಯಲ್ಲಾ, ಹೊರಡಿ!" ಎಂದು ಅವರು ಕುಣಿದೇಬಿಟ್ಟರು. ವಸುಧಾ ಸ್ವೆಟರಿನ ಮೇಲೆ ಶಾಲು ಬಿಗಿದು, ಹೆಲ್ಮೆಟ್ಟಿನೊಳಗೆ ಏನೋ ಮಂತ್ರ ಹೇಳಿಕೊಂಡು ಹಿಂದೆ ಕೂತಳು. ತಣ್ಣನೆಯ ಗಾಳಿ, ಖಾಲಿ ರಸ್ತೆ, ಹೆಗಲ ಮೇಲೆ ಅವಳ ಕೈ. ಗೆದ್ದೆ ಎನಿಸಿತು. ಮೊದಲ ಸಿಗ್ನಲ್ ದಾಟುತ್ತಿದ್ದಂತೆ ಅವಳು ಮಾತು ಶುರುಮಾಡಿದಳು. ಮದುವೆಯ ಊಟದಲ್ಲಿ ನಾನು ನಾಲ್ಕು ಹೋಳಿಗೆ ತಿಂದದ್ದು, ಅವಳ ಅಣ್ಣನನ್ನು ಸರಿಯಾಗಿ ಮಾತಾಡಿಸದೇ ಇದ್ದದ್ದು, ಅದಕ್ಕೂ ಹಿಂದಿನ ಇಪ್ಪತ್ತೆರಡು ವರ್ಷಗಳ ಬಾಕಿ ವಿಷಯಗಳು, ಒಂದೊಂದಾಗಿ. ಪೆಟ್ರೋಲ್ ಬೈಕಾಗಿದ್ದರೆ ಇಂಜಿನ್ನಿನ ಗದ್ದಲದಲ್ಲಿ ಕೇಳಿಸಲಿಲ್ಲ ಎನ್ನಬಹುದಿತ್ತು. ಸಮುದ್ರ ಸಿಗುವವರೆಗೂ ಒಂದಕ್ಷರ ಬಿಡದೆ ಕೇಳಿಸಿತು.

ತೀರದಲ್ಲಿ ಇಳಿದು ಶಾಲು ಸರಿಮಾಡಿಕೊಂಡವಳು, "ಚೆನ್ನಾಗಿದೆ ಕಣ್ರೀ ಇದು. ಮಾರೋದು ಬೇಡ, ಪ್ರತಿ ಶುಕ್ರವಾರ ಬರೋಣ" ಎಂದಳು.